ಪಕ್ಕದ ಸೈಟಿಗೆ ತಗಡಿನ ಬೇಲಿ ಬಂದಾಗ

ಪಕ್ಕದ ಹಳೇ ಮನೆ ಕೆಡವಿದ್ದಾಯಿತು. ಸೈಟಿನ ಸುತ್ತ ನೀಲಿ ತಗಡು ಎದ್ದಿತು. ಆಮೇಲೆ ಒಂದಷ್ಟು ವಾರ ಏನೂ ಸದ್ದಿಲ್ಲ. ಆ ವಾರಗಳಲ್ಲಿ ಬೀದಿಯವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಫ್ಲೋರ್ ಅಂತೆ?"

ಬೆಂಗಳೂರಿನ ಶಾಂತಿನಗರದ ನಮ್ಮ ಒಳರಸ್ತೆಯಲ್ಲೂ ಎಲ್ಲರೂ ಅದನ್ನೇ ಕೇಳಿದರು, ನಾನೂ ಕೇಳಿದೆ. ಮೂರು ವರ್ಷ ಆ ಕೆಲಸದ ಮಗ್ಗುಲಲ್ಲೇ ಬದುಕಿದ ಮೇಲೆ ಈಗ ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಬೇರೆ. ಮೊದಲು ಕೇಳಬೇಕಾದದ್ದು "ಎಷ್ಟು ಬೇಸ್‌ಮೆಂಟ್?" ಅಂತ. ಮೇಲೇಳುವ ಮಹಡಿಗಳು ನಮ್ಮ ಬೆಳಕು, ಗಾಳಿ, ನಿದ್ದೆ ಕೆಡಿಸಬಹುದು. ಮನೆಯ ಗೋಡೆಗೇ ಪೆಟ್ಟು ಕೊಡುವ ಶಕ್ತಿ ಇರುವುದು ಕೆಳಗಿಳಿಯುವ ಗುಂಡಿಗೆ.

ಲೆಕ್ಕ ಹಾಕಿ ನೋಡಿ. ಹಳೇ ಬೆಂಗಳೂರಿನ ಮನೆಗಳ ಪಾಯ ಹೆಚ್ಚೆಂದರೆ ನಾಲ್ಕೈದು ಅಡಿ. ಸೈಜುಗಲ್ಲು ಜೋಡಿಸಿ, ಅದರ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿರುತ್ತಾರೆ. ಪಿಲ್ಲರ್ ಇರುವುದಿಲ್ಲ, ತಾರಸಿಯ ಭಾರವನ್ನೆಲ್ಲ ಗೋಡೆಯೇ ಹೊರುತ್ತದೆ. ಪಕ್ಕದಲ್ಲಿ ಕಾರು ನಿಲ್ಲಿಸಲು ಮೂರು ಬೇಸ್‌ಮೆಂಟ್ ಬಂದರೆ ಗುಂಡಿಯ ಆಳ ಸುಮಾರು 35ರಿಂದ 40 ಅಡಿ. ಅಂದರೆ ನಿಮ್ಮ ಪಾಯ ಕೂತಿರುವ ಮಣ್ಣಿಗೆ ಒಂದು ಬದಿಯ ಆಸರೆಯೇ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಟ್ಟಡ ಎತ್ತರ ಆದಷ್ಟೂ ಸುತ್ತ ಜಾಸ್ತಿ ಜಾಗ ಬಿಡಬೇಕು ಎಂಬ ನಿಯಮ ಮೇಲಿನ ಕಟ್ಟಡಕ್ಕೆ. ಬೇಸ್‌ಮೆಂಟ್ ಆ ಬಿಟ್ಟ ಜಾಗದ ಅಡಿಯಲ್ಲೂ ಚಾಚಿಕೊಂಡು ನಿಮ್ಮ ಕಾಂಪೌಂಡ್ ಹತ್ತಿರಕ್ಕೇ ಬರಬಹುದು.

ಮಣ್ಣು ಸುಮ್ನೆ ನಿಂತಿರುವ ವಸ್ತು ಅಲ್ಲ. ಎಲ್ಲ ಕಡೆಯಿಂದಲೂ ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತದೆ. ಜೋಳದ ಚೀಲಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಕೊನೆಯದನ್ನು ಎಳೆದುಕೊಂಡರೆ ಉಳಿದವು ಆ ಕಡೆ ವಾಲುತ್ತವಲ್ಲ, ಹಾಗೆ. ಗುಂಡಿ ತೋಡಿದಾಗ ಅದರ ಬದಿಯ ಮಣ್ಣು ಒಂದಿಷ್ಟಾದರೂ ಒಳಕ್ಕೆ ಜರುಗುತ್ತದೆ, ಅದರ ಹಿಂದಿನ ನೆಲ ಅಷ್ಟು ಕುಸಿಯುತ್ತದೆ. ಗುಂಡಿ ಎಷ್ಟು ಆಳವೋ ಸುಮಾರು ಅಷ್ಟು ದೂರದವರೆಗೆ ಇದರ ಪರಿಣಾಮ ಹೆಚ್ಚಾಗಿ ಇರುತ್ತದೆ. ಮಣ್ಣು ಸಡಿಲವಾಗಿದ್ದರೆ ಇನ್ನೂ ದೂರ. 40 ಅಡಿ ಗುಂಡಿಯ ಹತ್ತಡಿ ಆಚೆ ಇರುವ ಮನೆ ಬಹುಮಟ್ಟಿಗೆ ಆ ವಲಯದೊಳಗೇ ಇದೆ ಎಂದಾಯಿತು.

ಶಾಂಘೈಯಲ್ಲಿ 2009ರ ಜೂನ್‌ನಲ್ಲಿ ಒಂದು 13 ಮಹಡಿಯ ಹೊಸ ಕಟ್ಟಡ ಇಡಿಯಾಗಿ ಪಕ್ಕಕ್ಕೆ ಉರುಳಿ ಮಲಗಿತು. ಒಬ್ಬ ಕೆಲಸಗಾರ ಸತ್ತ. ಆ ಕಟ್ಟಡದ ಒಂದು ಬದಿಗೆ ಪಾರ್ಕಿಂಗ್‌ಗಾಗಿ ಐದು ಮೀಟರ್‌ಗೂ ಕಡಿಮೆ ಆಳದ ಗುಂಡಿ ತೋಡಿದ್ದರು. ತೆಗೆದ ಮಣ್ಣನ್ನು ಇನ್ನೊಂದು ಬದಿಗೆ ಸುಮಾರು ಹತ್ತು ಮೀಟರ್ ಎತ್ತರ ರಾಶಿ ಹಾಕಿದ್ದರು. ಒಂದು ಕಡೆ ಭಾರ ಹೆಚ್ಚಿತು, ಇನ್ನೊಂದು ಕಡೆ ಆಸರೆ ಹೋಯಿತು, ಮಣ್ಣು ಜಾರಿತು. ಕಟ್ಟಡವನ್ನು ಹೊರಲು ನೆಲದಾಳಕ್ಕೆ ಇಳಿಸಿದ್ದ ಕಾಂಕ್ರೀಟ್ ಕಂಬಗಳು, ಅಂದರೆ ಪೈಲುಗಳೇ ಮುರಿದವು. ಇದು ಅಪರೂಪದ ಘಟನೆ, ಹೆದರಿಸಲು ಹೇಳುತ್ತಿಲ್ಲ. ಆದರೆ ಅಗೆದ ಮಣ್ಣನ್ನು ನಿಮ್ಮ ಕಾಂಪೌಂಡ್ ಗೋಡೆಗೆ ಒರಗಿಸಿ ಗುಡ್ಡೆ ಹಾಕುವುದು ಕಂಡರೆ ಅದೇ ದಿನ ಹೋಗಿ ಮಾತಾಡಿ. ನಾಳೆ ಎನ್ನಬೇಡಿ.

ಒಳ್ಳೆಯ ಎಂಜಿನಿಯರು ಈ ಜರುಗುವಿಕೆಯನ್ನು ಮಿಲಿಮೀಟರ್‌ಗಳಲ್ಲೇ ತಡೆಯುತ್ತಾರೆ. ಅದಕ್ಕೆ ವಿಧಾನಗಳಿವೆ. ಅಗೆಯುವ ಮೊದಲೇ ಗಡಿಯುದ್ದಕ್ಕೂ ಪೈಲುಗಳನ್ನು ಬೇಲಿ ಗೂಟದಂತೆ ಒತ್ತೊತ್ತಾಗಿ ಇಳಿಸುವುದು ಒಂದು. ನಾಲ್ಕೈದು ಅಡಿ ಅಗೆದು, ಬದಿಯ ಮಣ್ಣಿಗೆ ಉದ್ದನೆಯ ಕಬ್ಬಿಣದ ಸರಳು ಹೊಡೆದು, ಜಾಲರಿ ಹಾಕಿ, ಕಾಂಕ್ರೀಟ್ ಚಿಮುಕಿಸಿ, ಮತ್ತೆ ಕೆಳಗಿಳಿಯುವುದು ಇನ್ನೊಂದು. ಈ ಎರಡನೆಯದರಲ್ಲಿ ನೀವು ಗಮನಿಸಬೇಕಾದ ಮಾತಿದೆ. ಆ ಸರಳು ಹೋಗುವುದು ಯಾರ ನೆಲದೊಳಗೆ? ಗಡಿಯಲ್ಲೇ ಗುಂಡಿ ಇದ್ದರೆ ಅದು ನಿಮ್ಮ ಮನೆಯ ಅಡಿಗೇ ಬರುತ್ತದೆ. ಅಲ್ಲಿ ನಿಮ್ಮ ಸಂಪ್ ಇದೆ, ಚರಂಡಿ ಪೈಪಿದೆ, ನಾಳೆ ನೀವೇ ಬೋರ್‌ವೆಲ್ ಕೊರೆಸಬೇಕಾಗಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ಹಾಗೆ ಹೊಡೆಯುವಂತಿಲ್ಲ. ಒಪ್ಪುವುದಾದರೆ ನಕ್ಷೆ ತರಿಸಿಕೊಂಡು, ಲಿಖಿತವಾಗಿ ಒಪ್ಪಿ. ನಮ್ಮನ್ನು ಯಾರೂ ಕೇಳಿರಲಿಲ್ಲ. ಗುಂಡಿಯ ಬದಿಯಲ್ಲಿ ಸಾಲಾಗಿ ರಂಧ್ರ ಕೊರೆಯುವುದನ್ನು ತಾರಸಿಯಿಂದ ನೋಡಿ, ಇಳಿದು ಹೋಗಿ ಕೇಳಿದ ಮೇಲಷ್ಟೇ ಸೈಟ್ ಎಂಜಿನಿಯರ್ ನಕ್ಷೆ ತೆಗೆದು ತೋರಿಸಿದರು.

ಇನ್ನು ಬಂಡೆ. ಬೆಂಗಳೂರಿನಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಮೆದುಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಲಾಲ್‌ಬಾಗಿನಲ್ಲಿ ನೆಲದ ಮೇಲೆ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಬಂಡೆ ಇದೆಯಲ್ಲ, ಊರಿನ ಅಡಿಯಲ್ಲಿ ಇರುವುದೂ ಅದೇ ಜಾತಿಯ ಕಲ್ಲು. ಹಿಟಾಚಿಯ ಮೂತಿಗೆ ಬ್ರೇಕರ್ ಸಿಕ್ಕಿಸಿ ಅದನ್ನು ಒಡೆಯಲು ಶುರು ಮಾಡಿದ ದಿನ ನಮ್ಮ ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದವು. ಕುಡಿಯಲು ಇಟ್ಟ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಅಮ್ಮ ಗೋಡೆಗೆ ಕೈಯಿಟ್ಟು ನೋಡಿ, "ಮನೆ ಬೀಳತ್ತೇನೋ" ಅಂದರು.

ಆ ಭಯಕ್ಕೆ ಉತ್ತರ ಇದೆ. ನೆಲದ ಕಂಪನವನ್ನು ಅಳೆಯುವುದು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ನೆಲ ಅದುರುತ್ತದೆ ಎಂದು. ಸೆಕೆಂಡಿಗೆ 0.3 ಮಿ.ಮೀ. ಆಸುಪಾಸಿನಲ್ಲೇ ಮನುಷ್ಯರಿಗೆ ಅದುರು ಗೊತ್ತಾಗುತ್ತದೆ. ಸಾಮಾನ್ಯ ಮನೆಗಳಿಗೆ ಜರ್ಮನಿಯ ಮಾನದಂಡ ಇಟ್ಟಿರುವ ಮಿತಿ, ನಿಧಾನದ ಕಂಪನಕ್ಕೆ, 5 ಮಿ.ಮೀ. ಬಹಳ ಸೂಕ್ಷ್ಮವಾದ ಹಳೇ ಕಟ್ಟಡಗಳಿಗೆ 3 ಮಿ.ಮೀ. ಗಣಿಗಳ ಸ್ಫೋಟಕ್ಕೆ ನಮ್ಮ ದೇಶದಲ್ಲಿ ಅನ್ವಯಿಸುವ ಮಿತಿಯೂ ಮನೆಗಳ ಮಟ್ಟಿಗೆ 5 ಮಿ.ಮೀ.ನಿಂದಲೇ ಶುರುವಾಗುತ್ತದೆ. ಅಂದರೆ ಗೋಡೆಗೆ ಏನಾದರೂ ಆಗುವ ಮಟ್ಟಕ್ಕಿಂತ ಹತ್ತು ಪಟ್ಟು ಕಡಿಮೆ ಇದ್ದಾಗಲೇ ನಮ್ಮ ಮೈಗೆ ತಿಳಿಯುತ್ತದೆ. ಲೋಟ ಕಿಣಿಕಿಣಿ ಅಂದರೆ ಗೋಡೆ ಒಡೆಯಿತು ಎಂದಲ್ಲ. ಹಾಗಂತ "ಏನೂ ಆಗಲ್ಲ ಸಾರ್" ಎಂಬ ಮಾತನ್ನೂ ಸುಮ್ನೆ ನಂಬಬೇಕಾಗಿಲ್ಲ. ಕಂಪನ ಅಳೆಯುವ ಪುಟ್ಟ ಯಂತ್ರ ಸಿಗುತ್ತದೆ. ನಿಮ್ಮ ಮನೆಯ ನೆಲದ ಮೇಲೆ ಅದನ್ನಿಟ್ಟು ಎರಡು ದಿನದ ಅಳತೆ ಕೊಡಿ ಎಂದು ಕೇಳಿ. ಬಂಡೆಯಲ್ಲಿ ತೂತು ಕೊರೆದು, ಅರಳುವ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿ, ರಾತ್ರಿ ಕಳೆಯುವಷ್ಟರಲ್ಲಿ ಸದ್ದಿಲ್ಲದೆ ಸೀಳಿಸುವ ವಿಧಾನವೂ ಇದೆ. ಖರ್ಚು ಜಾಸ್ತಿ, ಹೊತ್ತೂ ಹಿಡಿಯುತ್ತದೆ. ಗಡಿಗೆ ಹತ್ತಿರದ ಒಂದಿಷ್ಟು ಅಡಿಗಾದರೂ ಅದನ್ನು ಮಾಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಅದುರುವಿಕೆಗಿಂತ ಮೋಸದ್ದು ನೀರು. ಗುಂಡಿಯಲ್ಲಿ ಒಸರು ಬಂದರೆ ಹಗಲೂ ರಾತ್ರಿ ಪಂಪ್ ಇಟ್ಟು ಹೊರಗೆ ಹಾಕುತ್ತಾರೆ. ಆಗ ಸುತ್ತಲಿನ ಮೇಲ್ಪದರದ ನೀರೂ ಇಳಿಯುತ್ತದೆ. ಸಾವಿರ ಅಡಿಯ ಬೋರ್‌ವೆಲ್‌ಗೆ ಇದರಿಂದ ದೊಡ್ಡ ವ್ಯತ್ಯಾಸ ಆಗದಿರಬಹುದು, ತೆರೆದ ಬಾವಿ ಇದ್ದರೆ ಬತ್ತೀತು. ಇದಕ್ಕಿಂತ ದೊಡ್ಡ ತೊಂದರೆ ಜೇಡಿ ಮಣ್ಣಿನಲ್ಲಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳ ಕುಗ್ಗಿ ಬಿರುಕು ಬಿಡುತ್ತದಲ್ಲ, ನೀರು ಕಳೆದುಕೊಂಡ ಜೇಡಿಯೂ ಹಾಗೆಯೇ ಕುಗ್ಗುತ್ತದೆ. ಅದರ ಮೇಲಿದ್ದ ಮನೆ ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದು ಮೂಲೆಯಲ್ಲಿ ಕಡಿಮೆ ಇಳಿಯುತ್ತದೆ. ಬೆಂಗಳೂರಿನ ನಡುಮಧ್ಯದಲ್ಲೇ ಕೆರೆ ಅಂಗಳಗಳಿವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ನಿಮ್ಮ ಬೀದಿ ಹಿಂದೆ ಏನಾಗಿತ್ತು ಅಂತ ಹಿರಿಯರನ್ನು ಕೇಳಿ ನೋಡಿ. "ಇಲ್ಲಿ ಮೊದಲು ತೋಟ ಇತ್ತು, ರಾಜಕಾಲುವೆ ಹರೀತಿತ್ತು" ಎಂಬ ಒಂದು ಮಾತು ಎಂಜಿನಿಯರ್‌ಗೂ ಉಪಯೋಗಕ್ಕೆ ಬರುತ್ತದೆ. ಪಂಪಿನ ನೀರು ಕೆಸರಾಗಿ ಬರುತ್ತಿದ್ದರೆ ಅದೂ ಒಂದು ಸೂಚನೆ. ನೀರಿನ ಜೊತೆ ಮಣ್ಣೂ ಕೊಚ್ಚಿ ಬರುತ್ತಿದೆ, ಆ ಮಣ್ಣು ಎಲ್ಲಿಂದಲೋ ಖಾಲಿಯಾಗುತ್ತಿದೆ ಎಂದರ್ಥ.

ಹಾಗಾಗಿ ಬೇಲಿ ಬಂದ ದಿನದಿಂದ ಹಿಟಾಚಿ ಬರುವ ದಿನದವರೆಗಿನ ಆ ಸದ್ದಿಲ್ಲದ ವಾರಗಳಿವೆಯಲ್ಲ, ಅವು ಬಹಳ ಬೆಲೆಬಾಳುವವು. ಆಗ ಮಾಡಬೇಕಾದ ಒಂದೇ ಕೆಲಸ ನಿಮ್ಮ ಮನೆಯ ಸ್ಥಿತಿಯನ್ನು ದಾಖಲೆ ಮಾಡುವುದು. ಪ್ರತಿ ಕೋಣೆಯ ಪ್ರತಿ ಗೋಡೆ, ತಾರಸಿ, ಸಂಪ್, ಕಾಂಪೌಂಡ್, ಈಗಾಗಲೇ ಇರುವ ಬಿರುಕು, ಎಲ್ಲದರ ಫೋಟೊ ತೆಗೆಯಿರಿ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ತೆಗೆಯಿರಿ. ಮೆಟ್ರೊ ಸುರಂಗ ಕೊರೆಯುವ ಮೊದಲು ಮೇಲಿನ ಕಟ್ಟಡಗಳಿಗೆ ಇಂಥ ಸಮೀಕ್ಷೆ ಮಾಡುವ ರೂಢಿ ಇದೆ. ಬಿಲ್ಡರ್ ಕಡೆಯ ಎಂಜಿನಿಯರ್ ಮತ್ತು ನೀವು ಇಬ್ಬರೂ ಸಹಿ ಹಾಕಿದ ವರದಿ ಆದರೆ ಬಹಳ ಒಳ್ಳೆಯದು. ಇಂಗ್ಲೆಂಡ್‌ನಲ್ಲಿ ಪಕ್ಕದಲ್ಲಿ ಅಗೆಯುವವರಿಗೆಂದೇ 1996ರ ಒಂದು ಕಾಯ್ದೆ ಇದೆ. ಪಕ್ಕದ ಮನೆಯಿಂದ ಮೂರು ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳಕ್ಕೆ ಅಗೆಯುವವರು ಒಂದು ತಿಂಗಳು ಮುಂಚೆ ನೋಟಿಸ್ ಕೊಡಲೇಬೇಕು. ನಮ್ಮಲ್ಲಿ ಅಂಥ ನಿಯಮ ಇರಬೇಕಿತ್ತು. ಇರದೆ ಇದ್ದರೂ ಕೇಳುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಬಿಲ್ಡರ್ ಇದಕ್ಕೆ ಒಪ್ಪಲು ಅವರದೇ ಒಂದು ಕಾರಣವೂ ಇದೆ, ಮಾತಾಡುವಾಗ ಅದನ್ನು ನೆನಪಿಸಿ. ದೊಡ್ಡ ಕೆಲಸಗಳಿಗೆ ಗುತ್ತಿಗೆದಾರರ ವಿಮೆ ಇರುತ್ತದೆ. ಅದರಲ್ಲಿ ನೆರೆಯವರಿಗೆ ಆಗುವ ಹಾನಿಯೂ ಸೇರುತ್ತದೆ. ಆದರೆ ಕಂಪನದಿಂದ, ಮಣ್ಣಿನ ಆಸರೆ ಹೋದದ್ದರಿಂದ ಆಗುವ ಹಾನಿ ಸಾಮಾನ್ಯವಾಗಿ ಮೂಲ ಪಾಲಿಸಿಯಲ್ಲಿ ಇರುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೂ ಕೆಲಸಕ್ಕೆ ಮೊದಲು ಪಕ್ಕದ ಮನೆ ಸುಸ್ಥಿತಿಯಲ್ಲಿತ್ತು ಎಂದು ತೋರಿಸಬೇಕಾಗುತ್ತದೆ. "ನಿಮ್ಮ ಪಾಲಿಸಿಯಲ್ಲಿ ಕಂಪನ, ಆಸರೆ ಎರಡೂ ಸೇರಿದೆಯಾ?" ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳಿದ ಮೇಲೆ ನಮ್ಮ ಜೊತೆ ಅವರು ಮಾತಾಡುವ ರೀತಿಯೇ ಬದಲಾಯಿತು.

ಕಾನೂನಿನ ಬಲವೂ ಇದೆ. 1882ರಷ್ಟು ಹಿಂದೆಯೇ ಬಂದ ಈಸ್‌ಮೆಂಟ್ (ನೆರೆಯ ಆಸ್ತಿಯ ಮೇಲಿನ ಹಕ್ಕುಗಳ) ಕಾಯ್ದೆ ಪ್ರಕಾರ, ನಿಮ್ಮ ನೆಲಕ್ಕೆ ಪಕ್ಕದ ನೆಲದಿಂದ ಸಿಗುವ ಸಹಜ ಆಸರೆ ನಿಮ್ಮ ಹಕ್ಕು. ಆ ನೆಲದ ಮೇಲೆ ಮನೆಯ ಭಾರ ಇದ್ದು, 20 ವರ್ಷ ಯಾರ ತಕರಾರೂ ಇಲ್ಲದೆ ಆಸರೆ ಸಿಕ್ಕಿದ್ದರೆ ಆ ಭಾರ ಹೊತ್ತ ನೆಲದ ಆಸರೆಯೂ ಹಕ್ಕಾಗುತ್ತದೆ. ಹಳೇ ಬಡಾವಣೆಗಳ ಬಹುಪಾಲು ಮನೆಗಳು ಈ ಲೆಕ್ಕಕ್ಕೆ ಬರುತ್ತವೆ. ಕೋರ್ಟಿಗೆ ಹೋಗುವ ಹಾಗೆ ಆಗದಿರಲಿ. ಹೋದರೆ ಮಾತ್ರ ದಿನಾಂಕ ಇರುವ ಫೋಟೊಗಳೇ ಮಾತಾಡಬೇಕು.

ಬಿರುಕು ಬಂದರೆ ಓದಲು ಕಲಿಯಿರಿ. ಕೂದಲೆಳೆಯಂಥ, ಒಂದು ಮಿಲಿಮೀಟರ್ ಒಳಗಿನ ಬಿರುಕು ಹೆಚ್ಚಾಗಿ ಗಾರೆಯದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲಿನಂತೆ ಹತ್ತಿದ್ದರೆ ಪಾಯ ಒಂದು ಕಡೆ ಇಳಿದಿರುವ ಗುರುತು. ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಉಜ್ಜುತ್ತಿದ್ದರೆ ಅದೂ ಅದೇ. ಮಳೆಗಾಲದಲ್ಲಿ ಮರ ಉಬ್ಬುವುದು ಬೇರೆ ವಿಷಯ. ಐದು ಮಿಲಿಮೀಟರ್ ದಾಟಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಬಿರುಕು ಬೆಳೆಯುತ್ತಿದೆಯಾ, ನಿಂತಿದೆಯಾ ಎಂದು ತಿಳಿಯಲು ಹಳೇ ಉಪಾಯ ಒಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗೋಡೆ ಕೂದಲಷ್ಟು ಜರುಗಿದರೂ ಗಾಜು ಸೀಳುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ಕಡೆ ಅಂಟಿಸಿದ್ದೆವು. ಮೊದಲ ಮಳೆಗಾಲದಲ್ಲಿ, ಗುಂಡಿ ತೆರೆದೇ ಇದ್ದಾಗ, ದೇವರ ಕೋಣೆಯದ್ದು ಒಡೆಯಿತು. ಅದೇ ಸಂಜೆ ಎಂಜಿನಿಯರ್‌ನನ್ನು ಕರೆತಂದು ತೋರಿಸಿದೆ. ಮರುದಿನ ಗುಂಡಿಯ ಆ ಬದಿಗೆ ಕಬ್ಬಿಣದ ಅಡ್ಡಾಸರೆ ಬಂತು. ಗುಂಡಿಯ ಕೆಲಸದಲ್ಲಿ ಮಳೆಗಾಲವೇ ಹೆಚ್ಚು ಅಪಾಯದ್ದು. ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಹಿಡಿತವೂ ಸಡಿಲ ಆಗುತ್ತದೆ. ಬೇಸ್‌ಮೆಂಟಿನ ಗೋಡೆಗಳೆದ್ದು, ಸ್ಲ್ಯಾಬ್ ಬಿದ್ದು, ಕಟ್ಟಡ ನೆಲದ ಮಟ್ಟಕ್ಕೆ ಬಂದಮೇಲೆ ಅರ್ಧ ಚಿಂತೆ ಕಳೆಯಿತು ಎಂದುಕೊಳ್ಳಬಹುದು.

ಅಲ್ಲಿಂದ ಮುಂದಿನದು ಸದ್ದು, ಧೂಳು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಡೆಸಿಬೆಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು. 2010ರ ತಿದ್ದುಪಡಿ ಇನ್ನೂ ನೇರವಾಗಿದೆ: ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯದಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ರಾತ್ರಿ ಓಡಿಸುವಂತಿಲ್ಲ. ಊರಿನ ನಡುಭಾಗದಲ್ಲಿ ಇರುವವರು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ನಿಮ್ಮ ರಸ್ತೆ ಮಾಸ್ಟರ್ ಪ್ಲಾನಿನಲ್ಲಿ ವಸತಿಯೋ ವಾಣಿಜ್ಯವೋ? ಮನೆಗಳೇ ತುಂಬಿದ ಬೀದಿಯೂ ಕಾಗದದ ಮೇಲೆ ವಾಣಿಜ್ಯ ಆಗಿರಬಹುದು. ದೂರು ಕೊಡುವ ಮೊದಲು ಇದು ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ. ರಾತ್ರಿಯ ಗಲಾಟೆಗೆ 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ. ಪ್ರತಿ ಸಲವೂ ಎಷ್ಟು ಗಂಟೆಗೆ, ಯಾವ ಯಂತ್ರ, ಎಷ್ಟು ಹೊತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸ್ಲ್ಯಾಬ್ ಹಾಕುವ ದಿನವನ್ನು ಮಾತ್ರ ಬೇರೆಯಾಗಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾಂಕ್ರೀಟನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಆಗುವುದಿಲ್ಲ, ಅಲ್ಲಿ ಸ್ಲ್ಯಾಬ್ ದುರ್ಬಲವಾಗುತ್ತದೆ. ಲಾರಿಗೆ ತುಂಬಿದ ರೆಡಿಮಿಕ್ಸ್ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಸುರಿಯಬೇಕು. ಮಿಕ್ಸರ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಸಂಜೆ ಆರಕ್ಕೆ ಮುಗಿಯಬೇಕಾದ್ದು ರಾತ್ರಿ ಹನ್ನೊಂದಾಗುತ್ತದೆ. ತಿಂಗಳಿಗೊಂದೆರಡು ದಿನ ಹೀಗಾಗುತ್ತದೆ, ಮುಂಚೆಯೇ ತಿಳಿಸಿ ಎಂದು ನಾವು ಕೇಳಿಕೊಂಡೆವು. ಹಿಂದಿನ ದಿನ ಮೇಸ್ತ್ರಿ ಗೇಟಿನ ಹತ್ತಿರ ಬಂದು, "ಅಮ್ಮಾ, ನಾಳೆ ಸ್ಲ್ಯಾಬ್ ಐತ್ರಿ" ಅಂತ ಹೇಳಿ ಹೋಗುತ್ತಿದ್ದರು. ರಾಯಚೂರು ಕಡೆಯವರು. ಅಷ್ಟಾದರೆ ಸಹಿಸಿಕೊಳ್ಳಬಹುದು. ಟೈಲ್ಸ್ ಕಟಿಂಗ್, ಕಬ್ಬಿಣ ಇಳಿಸುವುದು, ಸೆಂಟ್ರಿಂಗ್ ಬಿಚ್ಚುವುದು, ಇವಕ್ಕೆಲ್ಲ ರಾತ್ರಿಯ ನೆಪ ಇಲ್ಲ.

ಧೂಳಿಗೆ 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಗಾಳಿಯಲ್ಲಿ ಧೂಳು ಮಿತಿ ಮೀರಿದ ಊರುಗಳಿಗೆ ಅದು ಅನ್ವಯ. ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಗರಿಷ್ಠ ಹತ್ತು ಮೀಟರ್, ತಡೆಗೋಡೆ ಇರಬೇಕು. ನೀರು ಚಿಮುಕಿಸಬೇಕು. ಕಲ್ಲು, ಟೈಲ್ಸ್ ಬಯಲಲ್ಲಿ ಕೊಯ್ಯುವಂತಿಲ್ಲ. ಮಣ್ಣಿನ ಲಾರಿಗೆ ಹೊದಿಕೆ ಬೇಕು. ಕಲ್ಲು ಕೊಯ್ದಾಗ ಏಳುವ ನುಣುಪಾದ ಬಿಳಿ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರುವುದು ಕಷ್ಟ. ನಾವು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಮೂಗಿಗೆ ಟವೆಲ್ ಸುತ್ತಿಕೊಂಡು ಅದರ ನಡುವೆಯೇ ದಿನವಿಡೀ ಕೂತು ಕೊಯ್ಯುವ ಹುಡುಗನಿಗೆ ಕಿಟಕಿ ಇಲ್ಲ. ನೀರು ಹಾಕಿ ಕೊಯ್ಯಿರಿ ಎಂದು ಹೇಳುವಾಗ ಆ ಹುಡುಗನ ಪರವಾಗಿಯೂ ಹೇಳಿದಂತಾಗುತ್ತದೆ.

ಯಾರನ್ನು ಕೇಳಬೇಕು ಎಂಬುದಕ್ಕೆ ಚಿಕ್ಕದಾಗಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಿವೆ. ನಿಮ್ಮದು ಯಾವುದು ಎಂದು ತಿಳಿದುಕೊಂಡು ಅಲ್ಲಿನ ನಗರ ಯೋಜನೆ ವಿಭಾಗಕ್ಕೆ ಹೋಗಿ. ಮಂಜೂರಾದ ನಕ್ಷೆ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಮಾರಾಟಕ್ಕೆ ಕಟ್ಟುವ ದೊಡ್ಡ ಅಪಾರ್ಟ್‌ಮೆಂಟ್ ಆದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಅನುಮತಿ ಪತ್ರಗಳು ಸಿಗುತ್ತವೆ. ಅದನ್ನು ನೋಡಲು ನೀವು ಖರೀದಿದಾರರೇ ಆಗಿರಬೇಕಿಲ್ಲ. ಒಟ್ಟು ಕಟ್ಟಡ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇಕು, ಅದರ ಷರತ್ತುಗಳಲ್ಲಿ ಧೂಳು, ನೀರು, ಸದ್ದು ಎಲ್ಲ ಬರೆದಿರುತ್ತದೆ.

ಒಂದು ರಾತ್ರಿ ಮೂರು ಗಂಟೆಗೆ ಎದುರುಮನೆಯ ಅಜ್ಜಿ ಫೋನ್ ಮಾಡಿ, ಕ್ರೇನ್ ತಾನಾಗಿ ತಿರುಗ್ತಿದೆ ಎಂದು ಗಾಬರಿಯಲ್ಲಿ ಹೇಳಿದರು. ಏಪ್ರಿಲ್‌ನ ಗಾಳಿಮಳೆಯ ರಾತ್ರಿ ಅದು. ಅದು ಹಾಗೆಯೇ ತಿರುಗಬೇಕು. ಕೆಲಸ ಮುಗಿದ ಮೇಲೆ ಟವರ್ ಕ್ರೇನಿನ ತೋಳನ್ನು ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ. ಗಾಳಿ ಬೀಸಿ ಹೋಗುವ ದಿಕ್ಕಿಗೆ ತಿರುಗಿಕೊಂಡರೆ ಹೊಡೆತ ಕಡಿಮೆ. ಬಿಗಿದು ಕಟ್ಟಿದ್ದರೆ ಗಾಳಿ ಇಡೀ ತೋಳನ್ನು ತಳ್ಳುತ್ತದೆ, ಆಗ ಅಪಾಯ. ಹಗಲು ನೋಡಬೇಕಾದದ್ದು ಬೇರೆ: ಸರಕು ತೂಗಿಕೊಂಡ ತೋಳು ನಿಮ್ಮ ತಾರಸಿಯ ಮೇಲೆ ಹಾಯಬಾರದು. ಕಂಡರೆ ವಿಡಿಯೊ ತೆಗೆದು ಅಂದೇ ತೋರಿಸಿ.

ಕಟ್ಟಡ ಮುಗಿದ ಮೇಲೂ ಉಳಿಯುವುದು ನೆರಳು. ಇದನ್ನು ಮೊದಲೇ ಲೆಕ್ಕ ಹಾಕಬಹುದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಪ್ಪತ್ತು ಮಹಡಿಯ, ಅಂದರೆ ಸುಮಾರು 60 ಮೀಟರ್ ಕಟ್ಟಡದ ನೆರಳು ಆಗ ಉತ್ತರಕ್ಕೆ 44 ಮೀಟರ್ ಬೀಳುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ದಾಟಿರುತ್ತಾನೆ, ನಡುಹಗಲ ನೆರಳು ದಕ್ಷಿಣಕ್ಕೆ ಬರೀ 11 ಮೀಟರ್. ಏಪ್ರಿಲ್ ಕೊನೆಗೆ ನೆತ್ತಿಯ ಮೇಲೇ ಇರುತ್ತಾನೆ. ಹೀಗಾಗಿ ಹೊಸ ಕಟ್ಟಡ ನಿಮ್ಮ ಮನೆಯ ದಕ್ಷಿಣಕ್ಕಿದೆಯಾ ಉತ್ತರಕ್ಕಿದೆಯಾ ಎಂಬುದರ ಮೇಲೆ ಎಲ್ಲ ನಿಂತಿದೆ. ನಮಗದು ದಕ್ಷಿಣಕ್ಕೆ. ಬೇಸಿಗೆಯಲ್ಲಿ ಅಮ್ಮ ತಾರಸಿಯ ಮೇಲೆ ಹಾಕುವ ಸಂಡಿಗೆಗೆ ಈಗಲೂ ನಡುಹಗಲ ಬಿಸಿಲು ಸಿಗುತ್ತದೆ. ಡಿಸೆಂಬರ್ ಬಂದರೆ, ಬಿಸಿನೀರು ಬೇಕೇ ಬೇಕಾದ ಕಾಲದಲ್ಲೇ, ಸೋಲಾರ್ ಮೇಲೆ ನೆರಳು. ಗೀಸರ್ ಹಾಕಿಸಿದ್ದೇವೆ. ತುಳಸಿ ಕುಂಡವನ್ನು ತಾರಸಿಯ ಈಶಾನ್ಯ ಮೂಲೆಗೆ ಸರಿಸಿದ್ದೇವೆ, ಅಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಬಿಸಿಲು ಬರುತ್ತದೆ.